ಎಂಟನೇ ಕ್ಲಾಸಿನ ನಂತರ ಯಾವ ಪುಸ್ತಕ?

ಏಳನೇ ಕ್ಲಾಸಿನವರೆಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದ ಮಗು ಎಂಟಕ್ಕೆ ಬಂದ ಕೂಡಲೇ ಪುಸ್ತಕ ಮುಟ್ಟುವುದನ್ನೇ ಬಿಡುತ್ತದೆ. ಟ್ಯೂಷನ್, ಮೊಬೈಲು, ಎಸ್ಸೆಸ್ಸೆಲ್ಸಿ ಭಯ ಎಂದು ಮನೆಯವರು ಕಾರಣ ಹುಡುಕುತ್ತಾರೆ. ಇದು ಇಲ್ಲಿಯ ಸಂಕಟ ಮಾತ್ರವಲ್ಲ. ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಸಮೀಕ್ಷೆಯಲ್ಲಿ, ಹೆಚ್ಚುಕಡಿಮೆ ದಿನವೂ ಖುಷಿಗಾಗಿ ಓದುತ್ತೇವೆ ಎಂದ 13 ವರ್ಷದ ಮಕ್ಕಳು 2012ರಲ್ಲಿ ಶೇ 27ರಷ್ಟಿದ್ದರು. 2023ರಲ್ಲಿ ಅದು ಶೇ 14ಕ್ಕೆ ಇಳಿಯಿತು. ಮೊಬೈಲಿನ ಮೇಲೆ ಗೂಬೆ ಕೂರಿಸುವುದು ಸುಲಭ. ಆದರೆ ಆ ವಯಸ್ಸಿನವರಿಗೆ ದೊಡ್ಡವರು ತಂದುಕೊಡುವ ಪುಸ್ತಕಗಳನ್ನೂ ಒಮ್ಮೆ ನೋಡಬೇಕು: ಒಂದೋ ಚಿಕ್ಕ ಮಕ್ಕಳ ನೀತಿಕತೆ, ಇಲ್ಲವೇ ಮಹಾಪುರುಷರ ಚರಿತ್ರೆ, ಅದೂ ಅಲ್ಲದಿದ್ದರೆ ವ್ಯಕ್ತಿತ್ವ ವಿಕಸನ. ಮೂರರಲ್ಲೂ ಇರುವುದು ಉಪದೇಶವೇ. ಮನೆಯಲ್ಲೂ ಶಾಲೆಯಲ್ಲೂ ದಿನವಿಡೀ ಅದನ್ನೇ ಕೇಳಿಸಿಕೊಂಡ ಹುಡುಗ ಪುಸ್ತಕದಲ್ಲೂ ಅದನ್ನೇ ಯಾಕೆ ಓದಬೇಕು?

ಈ ವಯಸ್ಸಿಗೆ ಹೇಳಿ ಮಾಡಿಸಿದಂತಿರುವುದು ಡಿಸ್ಟೋಪಿಯನ್ ಕಾದಂಬರಿ. ಕೆಟ್ಟುಹೋದ ಒಂದು ನಾಳೆ, ಎಲ್ಲರ ಬದುಕನ್ನೂ ಮುಷ್ಟಿಯಲ್ಲಿ ಹಿಡಿದ ಆಡಳಿತ, ಅದರ ಕಟ್ಟಳೆಗಳನ್ನು ಪಾಲಿಸಿಕೊಂಡೇ ಬೆಳೆದು ಒಂದು ದಿನ ಅದಕ್ಕೆ ತಿರುಗಿಬೀಳುವ ಒಬ್ಬ ಹುಡುಗ ಅಥವಾ ಹುಡುಗಿ. ಮಕ್ಕಳಿಗೆಂದೇ ಬರೆದ ಇಂಥ ಕತೆಗಳ ಮೈಕಟ್ಟು ಬಹುಪಾಲು ಇಷ್ಟೇ. ಹದಿಮೂರು ಹದಿನಾಲ್ಕರವರು ಮನೆಯಲ್ಲಿ ಮಾಡುತ್ತಿರುವುದೂ ಅದನ್ನೇ. ಯಾಕೆ ಹೀಗೆ, ಯಾರು ಹೇಳಿದ್ದು, ನಿಮಗೊಂದು ನ್ಯಾಯ ನಮಗೊಂದು ನ್ಯಾಯವೇ ಎಂದು ಪ್ರತಿಯೊಂದನ್ನೂ ಕೆದಕುವ ವಯಸ್ಸದು. ಎದುರುತ್ತರ ಕೊಡಬೇಡ ಎಂದು ದೊಡ್ಡವರು ಗದರಿ ಸುಮ್ಮನಾಗಿಸುವ ಪ್ರಶ್ನೆಗಳನ್ನು ಈ ಪುಸ್ತಕಗಳು ಗಂಭೀರವಾಗಿ ತೆಗೆದುಕೊಳ್ಳುತ್ತವೆ.

ಸುಝಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ ಬಂದದ್ದು 2008ರಲ್ಲಿ. ರಾತ್ರಿ ಟಿವಿ ಚಾನೆಲ್ ಬದಲಿಸುತ್ತಿದ್ದಾಗ ಒಂದು ಕಡೆ ರಿಯಾಲಿಟಿ ಶೋ, ಇನ್ನೊಂದು ಕಡೆ ಇರಾಕ್ ಯುದ್ಧದ ದೃಶ್ಯ ಕಂಡು, ಎರಡೂ ಒಂದರೊಳಗೊಂದು ಕಲೆಸಿಹೋಗಿ ಈ ಕತೆ ಹೊಳೆಯಿತೆಂದು ಅವರು ಹೇಳಿದ್ದಾರೆ. ಪ್ಯಾನೆಮ್ ಎಂಬ ದೇಶದ 12 ಜಿಲ್ಲೆಗಳಿಂದ ವರ್ಷಕ್ಕೊಮ್ಮೆ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಆರಿಸುತ್ತಾರೆ. ಆ 24 ಮಕ್ಕಳು ಕೊನೆಗೆ ಒಬ್ಬರೇ ಉಳಿಯುವ ತನಕ ಹೊಡೆದಾಡಿ ಸಾಯಬೇಕು, ದೇಶವೆಲ್ಲ ಅದನ್ನು ಟಿವಿಯಲ್ಲಿ ನೋಡಬೇಕು.

ಆ ಚೀಟಿಯ ಲೆಕ್ಕವನ್ನೇ ನೋಡಿ. 12 ವರ್ಷದ ಮಗುವಿನ ಹೆಸರಲ್ಲಿ ಒಂದು ಚೀಟಿ, ಮರುವರ್ಷ ಎರಡು, ಆಮೇಲೆ ಮೂರು. ಹೀಗೆ 18ರವರೆಗೆ ಏರುತ್ತದೆ. ಮನೆಯಲ್ಲಿ ಊಟಕ್ಕೆ ತತ್ವಾರವಿದ್ದರೆ ಹೆಚ್ಚಿನ ಚೀಟಿ ಹಾಕಿಸಿಕೊಳ್ಳಬಹುದು. ಅಂಥ ಒಂದೊಂದು ಚೀಟಿಗೂ ಒಬ್ಬರು ವರ್ಷವಿಡೀ ಹೇಗೋ ಜೀವ ಹಿಡಿಯುವಷ್ಟು ಧಾನ್ಯ, ಎಣ್ಣೆ ಕೊಡುತ್ತಾರೆ. ತನಗೆ, ತಾಯಿಗೆ, ತಂಗಿಗೆಂದು ವರ್ಷಕ್ಕೆ ಮೂರರಂತೆ ಹಾಕಿಸಿಕೊಂಡ ಕಥಾನಾಯಕಿ ಕ್ಯಾಟ್ನಿಸ್‌ಳ ಹೆಸರು 16ರ ವಯಸ್ಸಿಗೆ 20 ಚೀಟಿಗಳಲ್ಲಿದೆ. ದೊಡ್ಡ ಸಂಸಾರ ಸಾಕುವ ಅವಳ ಗೆಳೆಯ, 18ರ ಗೇಲ್‌ನ ಹೆಸರು 42ರಲ್ಲಿ. ಮೇಯರ್ ಮಗಳಿಗೆ ಆ ಹೆಚ್ಚಿನ ಚೀಟಿಯ ಗೊಡವೆಯೇ ಇಲ್ಲ. ಕೊನೆಗೆ ಎದ್ದು ಬರುವುದು ಒಂದೇ ಒಂದು ಚೀಟಿ ಇದ್ದ ಪುಟ್ಟ ತಂಗಿ ಪ್ರಿಮ್‌ಳ ಹೆಸರು. ಅವಳ ಬದಲು ಅಕ್ಕ ಮುಂದೆ ಬರುತ್ತಾಳೆ. ಪಡಿತರಕ್ಕೂ ಸಾವಿಗೂ ಗಂಟು ಹಾಕಿದ ಈ ಲೆಕ್ಕ ಅರ್ಥವಾದ ಮಗುವಿಗೆ ಬಡತನ ಮನುಷ್ಯರನ್ನು ಹೇಗೆ ಕಟ್ಟಿಹಾಕುತ್ತದೆ ಎಂದು ಯಾರೂ ಪಾಠ ಮಾಡಬೇಕಿಲ್ಲ. ಅಷ್ಟು ಹೊತ್ತಿಗೆ ಅದು ಪುಸ್ತಕ ಕೆಳಗಿಡುವುದೂ ಇಲ್ಲ.

ಇಷ್ಟು ಕ್ರೂರವಾದ ಕತೆ ಎಳೆಯ ಮನಸ್ಸಿಗೆ ಬೇಕೇ ಎಂಬ ಆತಂಕ ಸಹಜ. ಅಮೆರಿಕದ ಗ್ರಂಥಾಲಯ ಸಂಘ ಅತಿ ಹೆಚ್ಚು ಆಕ್ಷೇಪಣೆಗೆ ಗುರಿಯಾದ ಪುಸ್ತಕಗಳ ಪಟ್ಟಿ ಮಾಡಿದಾಗ 2010 ಮತ್ತು 2011ರಲ್ಲಿ ಇದು ಮೊದಲ ಹತ್ತರಲ್ಲಿತ್ತು. ಪುಸ್ತಕದಿಂದ ಏನೂ ಆಗುವುದಿಲ್ಲ ಎಂದು ಆತಂಕಪಡುವವರಿಗೆ ಸಮಾಧಾನ ಹೇಳುವುದು ಸರಿಯಲ್ಲ, ಆಗುತ್ತದೆ. ಕಾದಂಬರಿಯಲ್ಲಿ ಬರುವ ಮೂರು ಬೆರಳಿನ ವಂದನೆಯನ್ನು 2014ರ ಸೇನಾದಂಗೆಯ ನಂತರ ಥಾಯ್ಲೆಂಡಿನ ಯುವಜನ, 2021ರಲ್ಲಿ ಮ್ಯಾನ್ಮಾರಿನವರು ಪ್ರತಿಭಟನೆಯ ಗುರುತಾಗಿ ಬೀದಿಗೆ ತಂದರು. 2018ರಲ್ಲಿ ಇಬ್ಬರು ರಾಜ್ಯಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಕತೆಗಳನ್ನು ಓದಿದವರು, ನೋಡಿದವರು ಅನ್ಯಾಯದ ವಿರುದ್ಧ ಹಿಂಸೆಗಿಳಿಯುವುದೂ ಸರಿಯೇ ಎನ್ನುವ ಕಡೆಗೆ ಸ್ವಲ್ಪ ಹೆಚ್ಚು ವಾಲಿದ್ದರು.

ಈ ಆತಂಕಕ್ಕೆ ಉತ್ತರ ಸರಣಿಯ ಮೂರನೇ ಪುಸ್ತಕದಲ್ಲೇ ಇದೆ. 2010ರ ‘ಮಾಕಿಂಗ್‌ಜೇ’ಯಲ್ಲಿ ದಂಗೆ ಗೆದ್ದ ಬಂಡಾಯದ ನಾಯಕಿ, ಸೋತವರ ಮಕ್ಕಳನ್ನೇ ಅದೇ ಸಾವಿನ ಆಟಕ್ಕೆ ಇಳಿಸೋಣ ಎನ್ನುತ್ತಾಳೆ. ಸಿಟ್ಟು ಯಾರನ್ನು ಏನು ಮಾಡಿಬಿಡುತ್ತದೆ ಎಂದು ಓದುವ ಹುಡುಗಿಗೆ ಅಲ್ಲಿ ಹೊಳೆಯುತ್ತದೆ. ಹಾಗಾಗಿ ಮೊದಲ ಪುಸ್ತಕ ಕೊಟ್ಟವರು ಮೂರನ್ನೂ ಕೊಡಬೇಕು. ಅಪ್ಪನೋ ಅಮ್ಮನೋ ಅತ್ತೆಯೋ, ಮನೆಯಲ್ಲಿ ಇನ್ನೊಬ್ಬರು ಅದನ್ನು ಓದಿರಬೇಕು. ಪರೀಕ್ಷೆ ತೆಗೆದುಕೊಳ್ಳುವುದಕ್ಕಲ್ಲ, ಊಟದ ಹೊತ್ತಿಗೆ ಆ ನಾಯಕಿಯ ಮಾತು ಬಂದರೆ ಜಗಳವಾಡುವುದಕ್ಕೆ.

ಆಯ್ಕೆಯಲ್ಲಿ ಎಡವುವುದು ಹೆಸರುವಾಸಿ ಪುಸ್ತಕದಿಂದಲೇ ಶುರುಮಾಡಲು ಹೊರಟಾಗ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1949ರಲ್ಲಿ ಪ್ರಕಟಿಸಿದ ‘1984’ ದೊಡ್ಡ ಕಾದಂಬರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ನಾಯಕನಿಗೆ 39 ವರ್ಷ. ನಡುವೆ ಪುಟಗಟ್ಟಲೆ ರಾಜಕೀಯ ಪ್ರಬಂಧವಿದೆ, ಕೊನೆಯ ಭಾಗದಲ್ಲಿ ಚಿತ್ರಹಿಂಸೆ, ಅದರ ಮೇಲೆ ಸಂಪೂರ್ಣ ಸೋಲು. ಪಿಯುಸಿ ಮುಗಿಸಿದವರು ಅದನ್ನು ತಡೆದುಕೊಂಡಾರು. ಎಂಟನೇ ಕ್ಲಾಸಿನವರಿಗೆ ಕೊಟ್ಟರೆ ಓದಿನ ಮೇಲೆಯೇ ಬೇಸರ ಬಂದೀತು.

ಆ ವಯಸ್ಸಿಗೆ ಲೋಯಿಸ್ ಲೌರಿ ಅವರ ‘ದಿ ಗಿವರ್’ ಬೇಕು. 1993ರಲ್ಲಿ ಬಂದು ಮರುವರ್ಷ ನ್ಯೂಬೆರಿ ಪದಕ ಪಡೆದ ಈ ಕಾದಂಬರಿ 200 ಪುಟವನ್ನೂ ಮುಟ್ಟುವುದಿಲ್ಲ. ಹುಡುಗ ಜೋನಸ್‌ನ ಊರಲ್ಲಿ ಹಸಿವಿಲ್ಲ, ಜಗಳವಿಲ್ಲ, 12ಕ್ಕೆ ಕಾಲಿಟ್ಟವರಿಗೆ ಹಿರಿಯರೇ ಕೆಲಸ ಗೊತ್ತುಮಾಡುತ್ತಾರೆ. ಗೆಳೆಯನ ಜೊತೆ ಸೇಬು ಎಸೆದಾಡುವಾಗ ಅದು ಗಾಳಿಯಲ್ಲಿ ಒಂದು ಕ್ಷಣ ಬದಲಾದಂತೆ ಅವನಿಗೆ ಕಾಣುತ್ತದೆ. ಏನು ಬದಲಾಯಿತೆಂದು ಅವನಿಗೂ ತಿಳಿಯದು, ಓದುಗನಿಗೂ ತಿಳಿಯದು. ಆ ಊರಿನವರ ಕಣ್ಣಿಗೆ ಬಣ್ಣವೇ ಇಲ್ಲ, ಅವನು ಕಂಡದ್ದು ಕೆಂಪು ಎನ್ನುವುದು ಎಷ್ಟೋ ಪುಟಗಳಾದ ಮೇಲೆ ಗೊತ್ತಾದಾಗ ಓದುವ ಮಗು ಹಿಂದಿನ ಪುಟಕ್ಕೆ ಹೋಗಿ ಮತ್ತೆ ಹುಡುಕುತ್ತದೆ. ಹಾಗೆ ಹಿಂದಕ್ಕೆ ತಿರುಗಿಸಿದ ಮಗು ಓದು ಬಿಡುವುದಿಲ್ಲ. ಒಂದು ಹಸುಗೂಸಿಗೆ ಸಂಬಂಧಿಸಿದ ಘೋರ ದೃಶ್ಯ ಇದರಲ್ಲಿದೆ. ಕೊಡುವವರು ಮೊದಲೇ ಓದಿಟ್ಟುಕೊಂಡರೆ ಒಳ್ಳೆಯದು.

ಹತ್ತನೇ ಕ್ಲಾಸು ದಾಟಿದವರಿಗೆ ರೇ ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’ ಇದೆ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಅರ್ಧ ಗಂಟೆಗೆ 10 ಸೆಂಟ್ ಬಾಡಿಗೆಯ ಟೈಪ್‌ರೈಟರಿನಲ್ಲಿ ಬರೆದು, 1953ರಲ್ಲಿ ಬಂದ ಈ ಕಾದಂಬರಿಯಲ್ಲಿ ಪುಸ್ತಕ ಸುಡುವುದೇ ಅಗ್ನಿಶಾಮಕರ ಕೆಲಸ. ಮುಂದೆ ಅಮೆರಿಕದ ಪ್ರಕಾಶಕರು ಶಾಲೆಗಳಿಗೆಂದು ಇದರಲ್ಲಿಯೇ ಅಲ್ಲಲ್ಲಿ ಕತ್ತರಿಯಾಡಿಸಿ ಮಾರಿದರು. ಲೇಖಕನಿಗೆ ಅದು ಗೊತ್ತಾದದ್ದು ಓದಿದ ವಿದ್ಯಾರ್ಥಿಗಳು ಪತ್ರ ಬರೆದಾಗ. ಹದಿಹರೆಯದವರು ಎಷ್ಟು ಸೂಕ್ಷ್ಮವಾಗಿ ಓದಬಲ್ಲರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಇವೆಲ್ಲ ಇಂಗ್ಲಿಷಿನವು. ಕನ್ನಡದಲ್ಲೇ ಓದುವ ಮಕ್ಕಳ ಕಪಾಟು ಈ ವಿಷಯದಲ್ಲಿ ಬಡವಾಗಿದೆ. ಮಕ್ಕಳಿಗೆ ಓದಿನ ರುಚಿ ಇಲ್ಲವೆಂದಲ್ಲ. ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ‘ಮಹಾಪಲಾಯನ’ವನ್ನು ಹೈಸ್ಕೂಲಿನಲ್ಲಿ ಓದಿ ಪುಸ್ತಕದ ಹುಚ್ಚು ಹಿಡಿಸಿಕೊಂಡವರು ಊರೂರಲ್ಲಿ ಸಿಗುತ್ತಾರೆ. ಸ್ಲಾವೊಮಿರ್ ರಾವಿಚ್ ಹೇಳಿದ, ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡು ಗೋಬಿ ಮರುಭೂಮಿ, ಹಿಮಾಲಯ ದಾಟಿ ಭಾರತ ಸೇರುವ ಕಥನ ಅದು. ನಾಳೆಯ ಕತೆಯಲ್ಲ, ನಿನ್ನೆಯದು. ಆದರೂ ಬೇಲಿ, ಕಾವಲು, ಹಸಿವು, ಸೋಲಲೊಪ್ಪದ ಕಾಲುಗಳು ಎಲ್ಲ ಅಲ್ಲಿವೆ. ಆ ಪುಸ್ತಕವನ್ನು ಒಂದೇ ಉಸಿರಿಗೆ ಮುಗಿಸಿದ ಹುಡುಗನಿಗೆ ಮುಂದೆ ಕೊಡಲು ಏನಿದೆ ಎನ್ನುವಲ್ಲಿ ಮೇಷ್ಟ್ರು ತಡವರಿಸುತ್ತಾರೆ.

ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಮಕ್ಕಳನ್ನು ಅಲ್ಲಿಗೆ ಕರೆತರುವ ‘ಓದುವ ಬೆಳಕು’ ಕಾರ್ಯಕ್ರಮವೂ ಬಂದಿದೆ. ಅಲ್ಲಿಗೆ ಬರುವ ಒಂಬತ್ತನೇ ಕ್ಲಾಸಿನ ಹುಡುಗಿಗೆ ಚಿಣ್ಣರ ಚಿತ್ರಪುಸ್ತಕ ಚಿಕ್ಕದಾಯಿತು, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ಇನ್ನೂ ದೂರ. ಖರೀದಿಯ ಪಟ್ಟಿ ಮಾಡುವವರು ‘ಮಹಾಪಲಾಯನ’ದ ನಾಲ್ಕು ಪ್ರತಿಗಳಿಂದ ಶುರು ಮಾಡಲಿ. ಜೋನಸ್, ಕ್ಯಾಟ್ನಿಸ್‌ರಂಥವರನ್ನು ಹದಿಮೂರರ ಹುಡುಗರು ಆಡುವ ಕನ್ನಡದಲ್ಲೇ ಬರೆಯಬಲ್ಲ ಅನುವಾದಕರಿಗೆ ಪ್ರಕಾಶಕರು ಈ ವರ್ಷವೇ ಕೆಲಸ ಕೊಡಲಿ. ನಮ್ಮದೇ ಬತ್ತಿದ ಕೆರೆ, ಕಿಕ್ಕಿರಿದ ಬೆಂಗಳೂರಿನ ನಾಳೆಯನ್ನು ಮಕ್ಕಳಿಗಾಗಿ ಬರೆಯುವ ಕನ್ನಡದ ಕಾದಂಬರಿಕಾರರಿಗೂ ಆ ಅನುವಾದಗಳ ಪಕ್ಕದಲ್ಲೇ ಜಾಗ ಖಾಲಿ ಇದೆ.