ಹೊಗೆಯೊಳಗಿನ ಅಣು

ಹುಣಸೂರು ಸೀಮೆಯ ಗುರುಪುರದತ್ತ ಸುಗ್ಗಿಯಲ್ಲಿ ಹೋದಾಗಲೆಲ್ಲ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಘಾಟು ನನ್ನನ್ನು ಎದುರುಗೊಳ್ಳುತ್ತದೆ. ಅದರಲ್ಲಿ ಏನೇನಿದೆಯೆಂಬುದನ್ನು ಮೂಗು ಹೇಳಲಾರದು, ಲೇಸರ್ ಹೇಳಬಲ್ಲುದು.

ಅಣುವಿನಿಂದ ಎಲೆಕ್ಟ್ರಾನನ್ನು ಕೀಳಲು ಸಾಮಾನ್ಯ ಬೆಳಕಿನ ಒಂದು ಕಣಕ್ಕೆ ಶಕ್ತಿ ಸಾಲದು. ಕಿರಣವು ತೀವ್ರವಾದರೆ ಅಣುವು ಎರಡು ಮೂರು ಕಣಗಳನ್ನು ಒಟ್ಟಿಗೆ ನುಂಗಿ ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ. ಒಂದೊಂದು ಜಾತಿಯ ಅಣುವಿಗೂ ಒಗ್ಗುವ ಬಣ್ಣ ಬೇರೆ. ಆದುದರಿಂದ ಜಾತ್ರೆಯ ಗದ್ದಲದಲ್ಲಿ ಹೆಸರು ಹಿಡಿದು ಕರೆದಂತೆ, ಬೇಕಾದ ಅಣುವನ್ನೇ ಹೊರಗೆಳೆಯಬಹುದು. ವಿದ್ಯುದಂಶ ಪಡೆದ ಅಣುಗಳನ್ನು ನಿರ್ವಾತದ ಕೊಳವೆಯಲ್ಲಿ ಓಡಿಸಿದರೆ ಹಗುರವಾದುದು ಮೊದಲು ಗುರಿ ಮುಟ್ಟುತ್ತದೆ. ತಗಲಿದ ಕಾಲದಿಂದ ತೂಕ ತಿಳಿಯುತ್ತದೆ. ಜರ್ಮನಿಯ ವಿಜ್ಞಾನಿಗಳು ಇದೇ ಉಪಾಯದಿಂದ ಸಿಗರೇಟಿನ ಹೊಗೆಯನ್ನು ದಮ್ಮು ದಮ್ಮಿಗೂ ಪರೀಕ್ಷಿಸಿದ್ದಾರೆ.

1985ರಲ್ಲಿ ಸ್ಟ್ರಿಕ್‌ಲ್ಯಾಂಡ್ ಮತ್ತು ಮೂರೂ ಅವರು ಕಂಡುಹಿಡಿದು, 2018ರಲ್ಲಿ ನೊಬೆಲ್ ಪಡೆದ ವಿಧಾನದ ಅತಿತೀವ್ರ ಕಿರಣವಾದರೋ ಅಣುವನ್ನು ಸಿಡಿಸಿಯೇ ಬಿಡುತ್ತದೆ. ಚೂರುಗಳು ಹಾರಿದ ದಿಕ್ಕಿನಿಂದ ಅದರ ಆಕಾರವನ್ನು ಲೆಕ್ಕ ಹಾಕುತ್ತಾರೆ. ಮಡಕೆಯನ್ನು ಒಡೆದು ಮಡಕೆಯ ರೂಪವನ್ನು ಅರಿಯುವ ಈ ಪರಿ ನನಗೆ ಮೊದಲು ವಿಚಿತ್ರವೆನಿಸಿತ್ತು.

ಹೊಗೆಯನ್ನು ಇಷ್ಟು ನಿಖರವಾಗಿ ಅಳೆಯುವ ಕಾಲವಿದು. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತವು ಅನುಮೋದಿಸಿದ್ದು 2004ರಲ್ಲಿ. ಆದರೂ ಸೊಪ್ಪಿನಷ್ಟೇ ಹಣ ತರುವ ಬೇರೊಂದು ಬೆಳೆಯನ್ನು ಈ ಸೀಮೆಯ ರೈತನ ಕೈಗೆ ಯಾರೂ ಇಟ್ಟಂತೆ ನನಗೆ ಕಾಣದು.