ಬಟ್ಟಲು ಯಾರ ಖಾತೆಗೆ?

ನವೆಂಬರ್ 1 ನಮಗೆ ಕನ್ನಡ ರಾಜ್ಯೋತ್ಸವ. ನಾನಿರುವ ಜರ್ಮನಿಯ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ಅದೇ ದಿನ ಆಲರ್‌ಹೈಲಿಗನ್, ಅಂದರೆ ಸಕಲ ಸಂತರ ದಿನ, ಸರ್ಕಾರಿ ರಜೆ. ಅಂದು ಇಲ್ಲಿಯ ಜನ ಸ್ಮಶಾನಕ್ಕೆ ಹೋಗಿ ತಮ್ಮವರ ಸಮಾಧಿಯ ಮೇಲೆ ಕೆಂಪು ಬಟ್ಟಲಿನ ದೀಪ ಹಚ್ಚಿಟ್ಟು ಬರುತ್ತಾರೆ. ಅವರ ರಜೆ ನಮಗೂ ಅನುಕೂಲ. ದೀಪಾವಳಿ, ರಾಜ್ಯೋತ್ಸವ ಎರಡನ್ನೂ ಸೇರಿಸಿ ನಮ್ಮ ಕನ್ನಡ ಸಂಘ ಬಾಡಿಗೆಯ ಹಾಲ್ ಒಂದರಲ್ಲಿ ಅದೇ ಹೊತ್ತಿಗೆ ಹಬ್ಬ ಮಾಡುತ್ತದೆ. ಹೀಗೆ ಒಂದೇ ವಾರದಲ್ಲಿ ಅವರೂ ನಾವೂ ರಾಶಿ ರಾಶಿ ದೀಪ ಹಚ್ಚುತ್ತೇವೆ. ದೀಪ ಆರಿದ ಮೇಲೆ ಉಳಿಯುವ ರಾಶಿ ರಾಶಿ ಬಟ್ಟಲುಗಳ ಬಗ್ಗೆ ನನ್ನ ತಕರಾರಿದೆ.

ವಿದೇಶದಲ್ಲಿ ಸಿಎ ಓದಿದವನಿಗೆ ತಪ್ಪದ ಶಿಕ್ಷೆಯೆಂದರೆ ಸಂಘದ ಖಜಾಂಚಿಗಿರಿ. ಎರಡು ವರ್ಷದ ಹಿಂದೆ ಅದು ನನ್ನ ಪಾಲಿಗೆ ಬಂತು. ಆವರೆಗೆ ನಮ್ಮ ಹಬ್ಬಕ್ಕೆ ತರುತ್ತಿದ್ದುದು ಎಲ್ಲ ಕಡೆ ಸಿಗುವ ಅಲ್ಯೂಮಿನಿಯಂ ಬಟ್ಟಲಿನ ಟೀಲೈಟುಗಳು. ಸಮಿತಿಯಲ್ಲಿ ದೊಡ್ಡ ಭಾಷಣ ಮಾಡಿ ಅದನ್ನು ನಿಲ್ಲಿಸಿದವನು ನಾನೇ. ಅದರ ಬದಲು ಕಬ್ಬಿನ ಸಿಪ್ಪೆಯ ಬಟ್ಟಲಿನಲ್ಲಿ ಮೇಣ ತುಂಬಿದ, ಮೇಲೆ ಹಸಿರು ಎಲೆಯ ಚಿತ್ರವಿದ್ದ, 'ಕಾಂಪೋಸ್ಟ್ ಆಗುತ್ತದೆ' ಎಂದು ಬರೆದಿದ್ದ 400 ದೀಪಗಳನ್ನು ಎರಡೂವರೆ ಪಟ್ಟು ಬೆಲೆ ಕೊಟ್ಟು ತರಿಸಿದೆ. ಹೆಸರು ಹೇಳುವ ಅಗತ್ಯವಿಲ್ಲದ ಒಬ್ಬ ಮಾರಾಟಗಾರನಿಂದ. 'ಪರಿಸರಸ್ನೇಹಿ ದೀಪ' ಎಂದು ವೋಚರ್ ಬರೆದು ನಾನೇ ಸಹಿ ಹಾಕಿದೆ.

ಹಬ್ಬದ ಸಂಜೆ ರಂಗೋಲಿಯ ಸುತ್ತ ದೀಪ ಹಚ್ಚಿ ಒಂದು ಗಂಟೆಯೂ ಆಗಿರಲಿಲ್ಲ. ಒಂದು ಬಟ್ಟಲಿನ ಅಂಚೇ ಹೊತ್ತಿಕೊಂಡಿತು. ಬತ್ತಿಯಷ್ಟೇ ಉರಿಯಬೇಕಾದ ಕಡೆ ಬಟ್ಟಲಿನ ಸುತ್ತಲೂ ಬೆಂಕಿ. ಪಕ್ಕದಲ್ಲಿ ಕೂತಿದ್ದ ಪುಟ್ಟ ಹುಡುಗಿಯ ರೇಷ್ಮೆ ಲಂಗಕ್ಕೂ ಅದಕ್ಕೂ ಒಂದು ಗೇಣಿನ ಅಂತರ. ಯಾರೋ ಒದ್ದೆ ಟವೆಲ್ ಹಾಕಿ ಆರಿಸಿದರು. ಏನೂ ಆಗಲಿಲ್ಲ. ಆದರೆ ಆ ತಾಯಿ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಮರುದಿನ ಉಳಿದ ಬಟ್ಟಲುಗಳನ್ನು ಚೀಲಕ್ಕೆ ತುಂಬಿ, ಹಸಿ ಕಸದ ತೊಟ್ಟಿಗೆ ಹಾಕಬಹುದೇ ಎಂದು ನಗರದ ಕಸ ವಿಭಾಗಕ್ಕೆ ಫೋನ್ ಮಾಡಿದೆ. ಬೇಡ, ರೆಸ್ಟ್‌ಮ್ಯೂಲ್‌ಗೆ ಹಾಕಿ ಅಂದರು. ಅಂದರೆ ಸುಡುವ ಕಸಕ್ಕೆ. ಎರಡೂವರೆ ಪಟ್ಟು ಬೆಲೆ ತೆತ್ತು ನಾನು ಕೊಂಡಿದ್ದು ಒಂದು ಶಬ್ದವನ್ನು ಮಾತ್ರ.

ಈ ಸೋಲಿನ ನಂತರ ನಾನು ಲೆಕ್ಕಿಗರು ಮಾಡಬೇಕಾದ ಕೆಲಸ ಮಾಡಿದೆ: ಒಂದೊಂದೇ ಐಟಂ ಬಿಡಿಸಿ ನೋಡಿದೆ. ಟೀಲೈಟ್ ಎಂದರೆ ನಾಲ್ಕು ಭಾಗ: ಮೇಣ, ಹತ್ತಿಯ ಬತ್ತಿ, ಬತ್ತಿಯನ್ನು ನೆಟ್ಟಗೆ ನಿಲ್ಲಿಸುವ ಪುಟ್ಟ ಲೋಹದ ಬಿಲ್ಲೆ, ಬಟ್ಟಲು. ಉರಿಯುವುದು ಮೊದಲ ಎರಡು. ಕಸವಾಗುವುದು ಕೊನೆಯ ಎರಡು.

ಇವನ್ನು ಗೊಬ್ಬರವಾಗುವಂತೆ ಮಾಡುವುದು ಏಕೆ ಕಷ್ಟ ಎಂಬುದಕ್ಕೆ ಕಾರಣ ಸರಳವಾಗಿದೆ. ಗೊಬ್ಬರವಾಗುವ ವಸ್ತುಗಳಿಗೆ ಯುರೋಪಿನಲ್ಲಿರುವ ಮಾನದಂಡ ಇಎನ್ 13432. ಅದು ಹೇಳುವುದು ನಮ್ಮ ಹಿತ್ತಲಿನ ತಿಪ್ಪೆಯ ಮಾತನ್ನಲ್ಲ, ಕಾರ್ಖಾನೆಯ ಮಾತನ್ನು. ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ವಸ್ತು 12 ವಾರದಲ್ಲಿ ಪುಡಿಯಾಗಬೇಕು, 2 ಮಿಲಿಮೀಟರ್ ಜರಡಿಯ ಮೇಲೆ ಹತ್ತನೇ ಒಂದಂಶಕ್ಕಿಂತ ಹೆಚ್ಚು ಉಳಿಯಬಾರದು. ಆರು ತಿಂಗಳೊಳಗೆ ಶೇಕಡ 90ರಷ್ಟು ಜೈವಿಕವಾಗಿ ಕರಗಬೇಕು. ಇನ್ನು ಟೀಲೈಟಿನ ಮೇಣ ಕರಗುವುದು ಸುಮಾರು 50ರಿಂದ 60 ಡಿಗ್ರಿಯಲ್ಲಿ. ಉರಿಯುತ್ತಿರುವಾಗ ಇಡೀ ಮೇಣ ನೀರಾಗಿ, ಅದಕ್ಕಿಂತಲೂ ಬಿಸಿಯಾಗಿ ಬಟ್ಟಲಲ್ಲಿ ನಿಂತಿರುತ್ತದೆ. ಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ ಪ್ಲಾಸ್ಟಿಕ್ ಮೆತ್ತಗಾಗುವುದೂ 60 ಡಿಗ್ರಿಯ ಆಸುಪಾಸಿನಲ್ಲೇ. ತಿಪ್ಪೆಯ ಬಿಸಿಗೆ ಸೋಲಬೇಕಾದ ಬಟ್ಟಲು ದೀಪದ ಬಿಸಿಗೆ ಸೋಲಬಾರದು! ಎರಡು ಬಿಸಿಯೂ ಹತ್ತಿರ ಹತ್ತಿರ ಒಂದೇ.

ಹಾಗಾದರೆ ಕಾಗದ, ಕಬ್ಬಿನ ಸಿಪ್ಪೆ? ಅವು ಮೆತ್ತಗಾಗುವುದಿಲ್ಲ, ಆದರೆ ಮೇಣವನ್ನು ಹೀರುತ್ತವೆ. ಮೇಣ ಹೀರಿದ ನಾರಿಗೆ ನಮ್ಮ ಭಾಷೆಯಲ್ಲಿ ಇರುವ ಹೆಸರೇ ಬತ್ತಿ. ನಮ್ಮ ಹಾಲ್‌ನಲ್ಲಿ ಆದದ್ದು ಅದೇ: ಬಟ್ಟಲು ಬತ್ತಿಯಾಯಿತು. ಹೀರದಂತೆ ಒಳಗೆ ಲೇಪನ ಕೊಟ್ಟರೆ ಆ ಲೇಪನವೂ ಕರಗಬೇಕು. ಬುಡದ ಲೋಹದ ಬಿಲ್ಲೆಯನ್ನು ಯಾರಾದರೂ ಕೂತು ಆರಿಸಬೇಕು. ಆ ಬಿಲ್ಲೆ ಅಲಂಕಾರಕ್ಕಿಲ್ಲ; ಮೇಣ ಮುಗಿಯುವಾಗ ಜ್ವಾಲೆ ತಳಕ್ಕೆ ತಾಗದಂತೆ ನಂದಿಸುವುದು ಅದರ ಕೆಲಸ. ಬಟ್ಟಲಿಗೆ ಅಂಟಿದ ಮೇಣ ಪೆಟ್ರೋಲಿಯಂನಿಂದ ಬಂದ ಪ್ಯಾರಾಫಿನ್ ಆಗಿದ್ದರೆ ಅದು ಗೊಬ್ಬರಕ್ಕೆ ಬೇಕಾದ ವಸ್ತುವೇ ಅಲ್ಲ. ಹಾಗಾಗಿ 'ಬಟ್ಟಲು ಕಾಂಪೋಸ್ಟ್ ಆಗುತ್ತದೆ' ಎಂಬ ಮಾತು ಖಾಲಿ, ಸ್ವಚ್ಛ ಬಟ್ಟಲಿಗೆ ನಿಜವಿರಬಹುದು. ಉರಿದು ಮುಗಿದ ದೀಪಕ್ಕೆ ಅದು ನಿಜವಲ್ಲ. ನಾವು ಬಿಸಾಡುವುದು ಉರಿದು ಮುಗಿದ ದೀಪವನ್ನು ತಾನೇ?

ಜರ್ಮನಿಯ ಜೈವಿಕ ಕಸದ ನಿಯಮ ಈ ವಿಷಯದಲ್ಲಿ ಮುಖ ಮುರಿಯುವಂತೆಯೇ ಮಾತಾಡುತ್ತದೆ. ಕರಗುವ ಪ್ಲಾಸ್ಟಿಕ್‌ಗಳ ಪೈಕಿ ಹಸಿ ಕಸದ ತೊಟ್ಟಿಗೆ ಅವಕಾಶವಿರುವುದು ಕಸ ಕಟ್ಟುವ ನಿಗದಿತ ಚೀಲಗಳಿಗೆ ಮಾತ್ರ, ಅದೂ ಆಯಾ ಊರು ಒಪ್ಪಿದರೆ. ಬಟ್ಟಲು, ಚಮಚ, ಕಾಫಿ ಕ್ಯಾಪ್ಸೂಲ್‌ಗಳಿಗಿಲ್ಲ. ಮನೆಯ ತಿಪ್ಪೆಯ ಕಥೆಯೂ ಭಿನ್ನವಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಸಾಮಾನ್ಯ ಜನರನ್ನು ಸೇರಿಸಿಕೊಂಡು ಮಾಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 'ಮನೆಯಲ್ಲೇ ಗೊಬ್ಬರವಾಗುತ್ತದೆ' ಎಂಬ ಪ್ರಮಾಣಪತ್ರವಿದ್ದ ಪ್ಲಾಸ್ಟಿಕ್‌ಗಳಲ್ಲೇ ಶೇಕಡ 60ರಷ್ಟು ಪೂರ್ತಿ ಕರಗಿರಲಿಲ್ಲ.

ಹಾಗೆಂದು ಅಲ್ಯೂಮಿನಿಯಂ ಬಟ್ಟಲನ್ನು ನಾನು ಸಮರ್ಥಿಸುತ್ತಿಲ್ಲ. ನಮ್ಮ ಅಡುಗೆಮನೆಯ ತಕ್ಕಡಿಯಲ್ಲಿ 100 ಖಾಲಿ ಬಟ್ಟಲು ತೂಗಿದೆ, ಸುಮಾರು 90 ಗ್ರಾಂ ಬಂತು. ಅದಿರಿನಿಂದ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯುವ ಕುಲುಮೆಗೆ ಸುಮಾರು 14-15 ಯೂನಿಟ್ ವಿದ್ಯುತ್ ಬೇಕು. ಅಂದರೆ ನನ್ನ ಆ ಒಂದು ಪೊಟ್ಟಣದ ಬಟ್ಟಲುಗಳಿಗೆ ಒಂದು ಕಾಲು ಯೂನಿಟ್‌ಗೂ ಹೆಚ್ಚು. ಅಷ್ಟು ವಿದ್ಯುತ್ತಿನಲ್ಲಿ 5 ವ್ಯಾಟಿನ ಎಲ್‌ಇಡಿ ಬಲ್ಬು 250 ಗಂಟೆ ಉರಿಯುತ್ತದೆ. ಟೀಲೈಟ್ ಉರಿಯುವುದು ನಾಲ್ಕು ಗಂಟೆ. ಹಳೆಯ ಅಲ್ಯೂಮಿನಿಯಂ ಕರಗಿಸಿದರೆ ಹೊಸದಕ್ಕೆ ಬೇಕಾದ ಶಕ್ತಿಯ ಇಪ್ಪತ್ತನೇ ಒಂದು ಭಾಗ ಸಾಕು ಎಂಬುದು ನಿಜ. ಆದರೆ ಅದು ಕರಗಿಸುವವನ ಕೈ ಸೇರಬೇಕಲ್ಲ? ಮೇಣ ಮೆತ್ತಿದ, ಬೆರಳುಗುರಿನಂತೆ ಹಗುರವಾದ ಈ ಬಟ್ಟಲನ್ನು ಹಬ್ಬ ಮುಗಿದ ರಾತ್ರಿ ಹನ್ನೊಂದಕ್ಕೆ ಹಾಲ್ ಖಾಲಿ ಮಾಡುವ ಅವಸರದಲ್ಲಿ ಪಲಾವಿನ ತಟ್ಟೆಯ ಜೊತೆಗೇ ಕಪ್ಪು ಚೀಲಕ್ಕೆ ಸುರಿದವರು ನಾವೇ.

ಈಗ ನನ್ನ ವೃತ್ತಿಗೆ ಹತ್ತಿರದ ಮಾತಿಗೆ ಬರುತ್ತೇನೆ. ಜರ್ಮನಿಯಲ್ಲಿ ಪ್ಯಾಕೇಜಿಂಗ್ ಮಾಡುವವನು ಅದರ ಕಸದ ಖರ್ಚು ಭರಿಸಬೇಕು. ಮೊಸರಿನ ಡಬ್ಬಿಯ ಮೇಲೂ ಆ ಶುಲ್ಕವಿದೆ. ಆದರೆ ಅದೇ ಕಾನೂನಿನ ಮೊದಲ ಅನುಬಂಧದಲ್ಲಿ 'ಇವು ಪ್ಯಾಕೇಜಿಂಗ್ ಅಲ್ಲ' ಎಂಬ ಪಟ್ಟಿಯೊಂದಿದೆ. ಅದರಲ್ಲಿ ಸಮಾಧಿ ದೀಪದ ಬಟ್ಟಲಿನ ಹೆಸರಿದೆ. ಮೊಸರು ತಿಂದ ಮೇಲೆ ಡಬ್ಬಿ ಕಸ, ಅದು ಉತ್ಪಾದಕನ ಖಾತೆಗೆ. ಮೇಣ ಉರಿದ ಮೇಲೆ ಬಟ್ಟಲೂ ಕಸ, ಆದರೆ ಅದು ಸ್ಮಶಾನದ ಖಾತೆಗೆ, ಊರಿನ ಖಾತೆಗೆ, ಕೊನೆಗೆ ತೆರಿಗೆ ಕಟ್ಟುವ ನನ್ನ ನಿಮ್ಮ ಖಾತೆಗೆ. ಬಟ್ಟಲು ದೀಪದ ಭಾಗ, ಅದಿಲ್ಲದೆ ದೀಪವೇ ಇಲ್ಲ ಎಂಬುದು ಇದಕ್ಕಿರುವ ವಾದ. ಚಹಾ ಚೀಲಕ್ಕೂ ಇದೇ ವಾದವಿತ್ತು. ಯುರೋಪಿನ 2025ರ ಹೊಸ ಪ್ಯಾಕೇಜಿಂಗ್ ನಿಯಮ ಚಹಾ ಚೀಲವನ್ನು ಒಳಗೆ ತಂದಿತು. ಚಹಾ ಚೀಲಕ್ಕೆ ಒಪ್ಪುವ ತರ್ಕ ದೀಪದ ಬಟ್ಟಲಿಗೇಕೆ ಒಪ್ಪುವುದಿಲ್ಲ? ಬಟ್ಟಲಿನ ಖರ್ಚು ಅದನ್ನು ಮಾಡುವವನ ತಲೆಗೆ ಬಂದ ದಿನ, ಬಟ್ಟಲಿಲ್ಲದ ದೀಪದ ವಿನ್ಯಾಸ ತಾನಾಗಿಯೇ ಹೊಳೆಯುತ್ತದೆ. ಖರ್ಚು ಬೇರೆಯವನದಾಗಿರುವ ತನಕ ಬಟ್ಟಲಿನ ಮೇಲೆ ಎಲೆಯ ಚಿತ್ರ ಮಾತ್ರ ಹೊಳೆಯುತ್ತಿರುತ್ತದೆ.

ಇಷ್ಟು ಹೇಳಿದಾಗ ನಮ್ಮವರು ಎದೆಯುಬ್ಬಿಸುತ್ತಾರೆ: 'ಅದಕ್ಕೇ ನಮ್ಮ ಹಿರಿಯರು ಮಣ್ಣಿನ ಹಣತೆ ಇಟ್ಟಿದ್ದರು, ಮಣ್ಣಿನಿಂದ ಬಂದದ್ದು ಮಣ್ಣಿಗೆ.' ಕ್ಷಮಿಸಿ, ಇದೂ ಎಲೆಯ ಚಿತ್ರದಂಥದೇ ಮಾತು. ಸುಟ್ಟ ಮಣ್ಣು ಮತ್ತೆ ಮಣ್ಣಾಗುವುದಿಲ್ಲ. ಹಾಗೆ ಆಗಿದ್ದರೆ ಹರಪ್ಪದ ಮಡಕೆ ಚೂರುಗಳು ನಾಲ್ಕು ಸಾವಿರ ವರ್ಷದ ಮೇಲೆ ನಮಗೆ ಸಿಗುತ್ತಿರಲಿಲ್ಲ. ಬಣ್ಣ ಬಳಿದು, ಕನ್ನಡಿ ಚೂರು ಅಂಟಿಸಿ, ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ವಿಮಾನದಲ್ಲಿ ತರಿಸಿ, ಒಂದೇ ಸಂಜೆ ಹಚ್ಚಿ ಎಸೆಯುವ ಹಣತೆ ಟೀಲೈಟಿಗಿಂತ ಯಾವ ಲೆಕ್ಕದಲ್ಲೂ ಮೇಲಲ್ಲ. ಈಚೆಗೆ ಸಗಣಿಯ ಹಣತೆಯೂ ಬಂದಿದೆ. ಬೆರಣಿ ಹಾಕಿ ಒಲೆ ಉರಿಸಿದವರ ಮೊಮ್ಮಕ್ಕಳು ನಾವು, ಅದೇ ಸಗಣಿಯಲ್ಲಿ ಬೆಂಕಿಯಿಡುವ ಪಾತ್ರೆ ಮಾಡುತ್ತಿದ್ದೇವೆ!

ನಮ್ಮ ಅಜ್ಜಿಯ ಹಣತೆಯ ಗುಣ ಅದು ಕರಗುತ್ತಿತ್ತು ಎಂಬುದಲ್ಲ, ಅದು ಉಳಿಯುತ್ತಿತ್ತು. ಹಬ್ಬ ಮುಗಿದ ಮೇಲೆ ಒರೆಸಿ, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಅಟ್ಟಕ್ಕೆ ಏರಿಸುತ್ತಿದ್ದಳು. ಬಿಕಾಂ ಮೊದಲ ವರ್ಷದಲ್ಲಿ ಕಲಿಸುವ ಬಂಡವಾಳ ವೆಚ್ಚ ಮತ್ತು ದಿನದ ವೆಚ್ಚದ ವ್ಯತ್ಯಾಸ ಅವಳಿಗೆ ಓದದೆಯೇ ಗೊತ್ತಿತ್ತು. ಹಣತೆ ಬಂಡವಾಳ, ಎಣ್ಣೆ, ಬತ್ತಿ ಖರ್ಚು. ಟೀಲೈಟ್ ಮಾಡಿದ್ದೇನೆಂದರೆ ಬಂಡವಾಳವನ್ನೂ ಖರ್ಚಿಗೆ ಹಾಕಿದ್ದು. ಈಗ ಆ ಖರ್ಚನ್ನು ಗೊಬ್ಬರ ಮಾಡುತ್ತೇವೆ ಎಂದು ಹೊರಟಿದ್ದೇವೆ. ತಪ್ಪು ಖಾತೆಗೆ ಬರೆದ ಎಂಟ್ರಿಯನ್ನು ತಿದ್ದದೆ, ಅದಕ್ಕೆ ಹಸಿರು ಶಾಯಿ ಬಳಿದ ಹಾಗೆ.

ಮೇಣದಬತ್ತಿಗೂ ಬಟ್ಟಲು ಹುಟ್ಟಿನಿಂದ ಬಂದದ್ದಲ್ಲ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1860ರ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳಿಗಾಗಿ ಮೈಕೆಲ್ ಫ್ಯಾರಡೆ ಮೇಣದಬತ್ತಿಯ ಮೇಲೆ ಉಪನ್ಯಾಸಗಳನ್ನು ಕೊಟ್ಟ. ಉರಿಯುವ ಬತ್ತಿ ತನ್ನ ಬಟ್ಟಲನ್ನು ತಾನೇ ಮಾಡಿಕೊಳ್ಳುತ್ತದೆ ಎಂದು ಅವನು ತೋರಿಸಿದ: ಕೆಳಗಿನಿಂದ ಏರುವ ಗಾಳಿ ಹೊರ ಅಂಚನ್ನು ತಂಪಾಗಿಡುತ್ತದೆ, ನಡುವಿನ ಮೇಣ ಮಾತ್ರ ಕರಗಿ ನಿಲ್ಲುತ್ತದೆ. ಆ ಅಂಚೂ ಕೊನೆಗೆ ಉರಿದು ಹೋಗುತ್ತದೆ, ಕಸ ಉಳಿಯುವುದಿಲ್ಲ. ಇದಕ್ಕಿಂತ ಒಳ್ಳೆಯ 'ಕರಗುವ ಬಟ್ಟಲು' ಯಾವ ವಿನ್ಯಾಸಕಾರನಿಂದ ಬಂದೀತು? ಚಪ್ಪಟೆ ಟೀಲೈಟೇ ಬೇಕೆಂದರೆ ಬಟ್ಟಲಿಲ್ಲದ ಮೇಣದ ಬಿಲ್ಲೆಗಳು ಇಲ್ಲಿ ಸಿಗುತ್ತವೆ. ಗಾಜಿನ ಬಟ್ಟಲು ಒಮ್ಮೆ ಕೊಂಡರೆ ಒಳಗಿನದನ್ನಷ್ಟೇ ಬದಲಿಸಿದರಾಯಿತು.

'ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಗಲಾಟೆಯೇ? ನೀವು ವರ್ಷಕ್ಕೊಮ್ಮೆ ಬೆಂಗಳೂರಿಗೆ ಹಾರುತ್ತೀರಲ್ಲ?' ಎಂದು ಮಹಾಸಭೆಯಲ್ಲಿ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಆ ಒಂದು ಪ್ರಯಾಣದ ಹೊಗೆಯ ಮುಂದೆ ಸಂಘದ ಎಲ್ಲ ದೀಪಗಳೂ ಲೆಕ್ಕಕ್ಕಿಲ್ಲ. ಬಟ್ಟಲು ಬಿಟ್ಟರೆ ಭೂಮಿ ಉಳಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಸುಳ್ಳು ಎಂಟ್ರಿಯ ಬಗ್ಗೆ. ಆಡಿಟ್ ಮಾಡುವಾಗ ಐವತ್ತು ರೂಪಾಯಿಯ ಸುಳ್ಳು ವೋಚರ್ ಸಿಕ್ಕರೆ ನಾವು ಐವತ್ತು ರೂಪಾಯಿಗಾಗಿ ಗಾಬರಿಯಾಗುವುದಿಲ್ಲ. ಹಾಗೆ ಬರೆಯುವ ಅಭ್ಯಾಸ ಇನ್ನೆಲ್ಲೆಲ್ಲಿ ಇದೆಯೋ ಎಂದು ಗಾಬರಿಯಾಗುತ್ತೇವೆ. ಹಸಿರು ಶಬ್ದ ಕೊಂಡವನಿಗೆ ವಿಮಾನದ ವಿಷಯ ಯೋಚಿಸುವ ಸಂಕಟವೂ ಕಡಿಮೆಯಾಗುತ್ತದೆ. ನನಗೆ ಆಗಿತ್ತು.

ಆಧಾರವಿಲ್ಲದೆ 'ಪರಿಸರಸ್ನೇಹಿ' ಎಂಬಂಥ ಮಾತು ಬರೆದು ಮಾರುವುದನ್ನು ತಡೆಯುವ ಯುರೋಪಿನ ನಿರ್ದೇಶನ 2026ರ ಸೆಪ್ಟೆಂಬರ್ 27ರಿಂದ ಅನ್ವಯವಾಗುತ್ತದೆ. ಒಳ್ಳೆಯದೇ. ಆದರೆ ಕಾನೂನು ಬರುವ ತನಕ ಕಾಯಬೇಕಿಲ್ಲ. ಮಾರುವವನನ್ನು ಮೂರು ಪ್ರಶ್ನೆ ಕೇಳಿ: ಯಾವ ತಿಪ್ಪೆಯಲ್ಲಿ? ಎಷ್ಟು ಬಿಸಿಯಲ್ಲಿ? ಉರಿದ ಮೇಲೆಯೋ, ಉರಿಯುವ ಮೊದಲೋ? ನಂತರ ನಿಮ್ಮೂರಿನ ಕಸ ವಿಭಾಗಕ್ಕೆ ಒಂದು ಫೋನ್ ಮಾಡಿ. ನಾನು ಹಬ್ಬದ ಮರುದಿನ ಮಾಡಿದ ಫೋನನ್ನು ಹಬ್ಬದ ಹಿಂದಿನ ತಿಂಗಳು ಮಾಡಿದ್ದರೆ ಸಂಘದ ದುಡ್ಡೂ ಉಳಿಯುತ್ತಿತ್ತು, ಆ ತಾಯಿಯ ಮುಂದೆ ನನ್ನ ಮಾನವೂ ಉಳಿಯುತ್ತಿತ್ತು.

ಅದೇ ಮಹಾಸಭೆಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು, 60 ಗಾಜಿನ ಬಟ್ಟಲು ಮತ್ತು ಬಟ್ಟಲಿಲ್ಲದ ಮೇಣ ಕೊಳ್ಳಲು ಅನುಮತಿ ಕೇಳಿದೆ. 400 ದೀಪ ಬೇಡ, 60 ಸಾಕು ಎಂಬುದಕ್ಕೆ ಬೆಂಕಿಗಿಂತ ಹೆಚ್ಚು ವಿರೋಧ ಬಂತು, ಕೊನೆಗೆ ಒಪ್ಪಿದರು. ಕಳೆದ ಹಬ್ಬದಲ್ಲಿ ಎರಡು ಬಟ್ಟಲು ಒಡೆದವು, 58 ಉಳಿದಿವೆ. ಹಳೆಯ ವೋಚರಿನ 'ಪರಿಸರಸ್ನೇಹಿ' ಎಂಬ ಪದವನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ 'ದೀಪ, 400' ಎಂದಷ್ಟೇ ಬರೆದು ಮತ್ತೆ ಸಹಿ ಹಾಕಿದ್ದೇನೆ. ಈ ಬಾರಿ ಖಜಾಂಚಿ ಬೇರೆಯವರು. ಫೈಲನ್ನೂ ಡಬ್ಬಿಯನ್ನೂ ಒಟ್ಟಿಗೇ ಅವರಿಗೆ ಒಪ್ಪಿಸಿದೆ.