ಹಾಡು ನಿಮ್ದು, ಲೆಕ್ಕ ಯಾರ ಕೈಲಿ? | ಭಾಗ 3

"ಮ್ಯಾನೇಜರ್ ಇಲ್ದಿದ್ರೆ ಸಿಂಗರ್ ಝೀರೋ" ಅಂತೀರಲ್ಲ, ಗೌಹರ್ ಜಾನ್ ಕಥೆ ಕೇಳಿ.

1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನಿಗೆ ಹಾಡಿ ದೇಶಕ್ಕೇ ಸ್ಟಾರ್ ಆದವರು. ಹಾಡು ಮುಗಿದ ಮೇಲೆ ರೆಕಾರ್ಡಲ್ಲೇ ತಮ್ಮ ಹೆಸರು ಹೇಳೋರು. ಅವರ ವ್ಯವಹಾರ ನೋಡ್ತಿದ್ದ ಸೆಕ್ರೆಟರಿ ಅಬ್ಬಾಸ್ ಮುಂದೆ ಗಂಡನೂ ಆದರು. ಕೊನೆಗೆ ಆಸ್ತಿಗಾಗಿ ಇಬ್ಬರೂ ಕೋರ್ಟಲ್ಲಿ ಎದುರುಬದುರು! 1928ರಲ್ಲಿ ಮೈಸೂರು ಅರಮನೆ ಆಸರೆ ಕೊಟ್ಟಿತು. 1930ರ ಜನವರಿ 17ರಂದು ಮೈಸೂರಲ್ಲೇ ತೀರಿಕೊಂಡರು.

"ಪ್ರೀತಿಸಿ ಮೋಸ ಹೋದಳು, ದಡ್ಡಿ" ಅನ್ಬೇಡಿ. ಅಮೆರಿಕದ ಎಲ್ವಿಸ್ ಪ್ರೀಸ್ಲಿ ಗಂಡಸು, ಸೂಪರ್‌ಸ್ಟಾರ್. ಅವರ ಮ್ಯಾನೇಜರ್ ಕರ್ನಲ್ ಪಾರ್ಕರ್ ಪಾಲು ಶೇ. 50ರ ತನಕ ಏರಿತ್ತು. ಅರ್ಧಕ್ಕರ್ಧ!

ಕೆಲಸ ಮಾಡಿದವರಿಗೆ ದುಡ್ಡು ಕೊಡಿ, ಬೇಡ ಅನ್ನಲ್ಲ. ಆದರೆ ಲೆಕ್ಕ, ಪಾಸ್‌ವರ್ಡ್, ಅಗ್ರಿಮೆಂಟ್ ಮೂರೂ ಒಬ್ಬನ ಕೈಲಿದ್ರೆ ಅವನು ಮ್ಯಾನೇಜರ್ ಅಲ್ಲ, ನಿಮ್ಮ ಮಾಲೀಕ.

ಗೊಂಬೆ ಊರಿನವರು ನಾವು. ಅರಗು ಹಚ್ಚಿದ ಕೈಗೆಷ್ಟು, ಮಾರಿದವನಿಗೆಷ್ಟು ಅಂತ ಕೇಳೋದು ನಮಗೆ ಹೊಸದಾ?

ಚನ್ನಪಟ್ಟಣದಲ್ಲಿ ಆರ್ಕೆಸ್ಟ್ರಾಗೆ ಹಾಡೋರೇ, ರೀಲ್ಸ್ ಮಾಡೋರೇ, ಓದದೆ ಸೈನ್ ಹಾಕ್ಬೇಡಿ. ಪೇಮೆಂಟ್ ನಿಮ್ಮ ಅಕೌಂಟಿಗೇ ಬರಲಿ, ಕಮಿಷನ್ ಎಷ್ಟು ಅಂತ ಬರೆಸಿಕೊಳ್ಳಿ. ಕೇಳಿದ್ದಕ್ಕೆ ಮುನಿಸಿಕೊಂಡ್ರೆ ಬೇರೆಯವರನ್ನ ಹುಡುಕಿ.

ಹಾಡೋ ಫ್ರೆಂಡಿಗೆ ಇವತ್ತೇ ಕಳಿಸಿ.